ಗುನ್ಸಾನ್ ಮತ್ತು ವರ್ಲಿ: ವಸಾಹತುಕಾಲದ ಎರಡು ಜಪಾನೀ ಬೌದ್ಧಾಲಯಗಳು

೧

ನೋಯ್ಡಾದಿಂದ ನಿಜಾಮುದ್ದೀನ್ ಸೇತುವೆಯ ಮೂಲಕ ಯಮುನೆಯನ್ನು ದಾಟಿ ದೆಹಲಿಯ ವರ್ತುಲ ರಸ್ತೆಯಲ್ಲಿ ಉತ್ತರಕ್ಕೆ ಹೊರಳುವವರಿಗೆ ಇಂದ್ರಪ್ರಸ್ಥ ಉದ್ಯಾನದಲ್ಲಿ ಒಂದು ಬಿಳಿಯ ಸ್ತೂಪ ಕಾಣಸಿಗುತ್ತದೆ. ಅದು ವಿಶ್ವಶಾಂತಿ ಸ್ತೂಪ. ಜಪಾನಿನ ನಿಪ್ಪೊನ್‌ಜಾನ್ ಮ್ಯೊಹೊಜಿ ಎಂಬ ಬೌದ್ಧ ಸಂಘದ ಪ್ರಯತ್ನದಿಂದ ನಿರ್ಮಾಣಗೊಂಡು ೨೦೦೭ರಲ್ಲಿ ಅದು ಲೋಕಾರ್ಪಣೆಯಾಯಿತು. ಉದ್ಯೋಗನಿಮಿತ್ತ ನದಿಯ ಆಚೆ ಈಚೆ ನಿತ್ಯವೂ ಸಂಚರಿಸುವ ನಮ್ಮ ಕನ್ನಡಿಗರಲ್ಲಿ ಅನೇಕರು ಅದನ್ನು ಕಂಡಿದ್ದಾರೆ. ಆದರೆ ಅಲ್ಲಿಂದ ಅನತಿದೂರದಲ್ಲಿರುವ ಪುರಾನಾ ಕಿಲಾದೊಡನೆ ಜಪಾನೀಯರಿಗಿದ್ದ ಸಂಬಂಧವನ್ನು ಅರಿತವರು ವಿರಳ. ೧೯೪೨ರಲ್ಲಿ ಬ್ರಿಟಿಷ್ ಸರ್ಕಾರವು ಸಿಂಗಪುರ, ಮಲಯ ಮೊದಲಾದ ಕಡೆಗಳಲ್ಲಿ ಬಂಧಿಸಿದ ಎರಡು ಸಾವಿರಕ್ಕೂ ಮಿಕ್ಕ ಜಪಾನೀ ನಾಗರಿಕರನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಈ ಕೋಟೆಯ ಒಳಗೆ ಡೇರೆಗಳಲ್ಲಿ ಇರಿಸಿತ್ತು. ಅವರಲ್ಲಿ ವರ್ತಕರಿದ್ದರು, ಬೆಸ್ತರಿದ್ದರು, ಹೆಂಗಸರು ಮಕ್ಕಳಿದ್ದರು. ದೆಹಲಿಯ ಚಳಿ ಬೇಸಗೆಗಳನ್ನು ತಾಳಲಾರದೆ ಅಲ್ಲಿಯೇ ತೀರಿಕೊಂಡವರೂ ಉಂಟು. ಉಳಿದವರನ್ನು ಮುಂದೆ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಲಾಯಿತು.

ಹೀಗೆ, ಪರಸ್ಪರ ಕಾಣುವಷ್ಟು ಹತ್ತಿರದ ಎರಡು ನೆಲೆಗಳಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು ಕಟ್ಟಡವಾಗಿ ಎದ್ದು ನಿಂತಿದೆ. ಇನ್ನೊಂದಕ್ಕೆ ಇತಿಹಾಸದ ಪುಟಗಳಲ್ಲಿ ಮಾತ್ರ ಎಡೆ ದೊರೆತಿದೆ. ಆ ಸ್ತೂಪವನ್ನು ಕಟ್ಟಿದ ಸಂಘ ಭಾರತಕ್ಕೆ ಬಂದದ್ದು ಸ್ವಾತಂತ್ರ್ಯಾನಂತರದಲ್ಲಿ ಅಲ್ಲ. ೧೯೩೧ರಲ್ಲಿ, ಅಂದರೆ ಭಾರತ ಬ್ರಿಟಿಷರ ಅಧೀನದಲ್ಲಿದ್ದಾಗ, ಹಾಗೂ ಜಪಾನ್ ತಾನೇ ಒಂದು ಸಾಮ್ರಾಜ್ಯವಾಗಿ ಬೆಳೆಯುತ್ತಿದ್ದಾಗ ಅದು ಇಲ್ಲಿಗೆ ಬಂದಿತು. ಮುಂಬಯಿಯ ವರ್ಲಿಯಲ್ಲಿರುವ ಜಪಾನೀ ಬೌದ್ಧಮಂದಿರದ ಮೂಲ ಆ ಕಾಲದಲ್ಲಿದೆ. ಅದೇ ಕಾಲಘಟ್ಟದಲ್ಲಿ ಜಪಾನೀಯರು ಕೊರಿಯದಲ್ಲಿಯೂ ಬೌದ್ಧಾಲಯಗಳನ್ನು ಕಟ್ಟಿದ್ದರು; ಅವುಗಳಲ್ಲಿ ಗುನ್ಸಾನ್ ಪಟ್ಟಣದ ಒಂದು ಆಲಯ ಇಂದಿಗೂ ಸುರಕ್ಷಿತವಾಗಿ ಉಳಿದಿದೆ. ಈ ಎರಡು ಆಲಯಗಳ ವಸಾಹತುಕಾಲೀನ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡುವುದು, ಆ ಮೂಲಕ ಒಂದು ಆಲಯವನ್ನು 'ಉಳಿಸಿಕೊಳ್ಳುವುದು' ಎಂದರೆ ಏನು ಎಂಬ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಇಂತಹ ಅಧ್ಯಯನಕ್ಕೆ ಬೇಕಾದ ದಾರಿಯನ್ನು ಕನ್ನಡದ ವಿದ್ಯಾರ್ಥಿ ಹೊರಗಿನಿಂದ ಎರವಲು ತರಬೇಕಾಗಿಲ್ಲ. ನಮ್ಮ ಶಾಸನಾಧ್ಯಯನವೇ ಅದನ್ನು ಕಲಿಸಿಕೊಟ್ಟಿದೆ. ಗದಗ ಜಿಲ್ಲೆಯ ಡಂಬಳದ ಕ್ರಿ.ಶ. ೧೦೯೫ರ ಶಾಸನವನ್ನು ಇಲ್ಲಿ ನೆನೆಯಬಹುದು. ಬುದ್ಧನಿಗೆ ವಂದನೆ ಸಲ್ಲಿಸಿ, ಭಯನಿವಾರಿಣಿಯಾದ ತಾರಾಭಗವತಿಯನ್ನು ಸ್ತುತಿಸಿ ಮೊದಲಾಗುವ ಈ ಶಾಸನ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯನ್ನೂ ಆ ಪ್ರದೇಶವನ್ನು ನೋಡಿಕೊಳ್ಳುತ್ತಿದ್ದ ಅವನ ರಾಣಿ ಲಕ್ಷ್ಮಾದೇವಿಯನ್ನೂ ಹೆಸರಿಸುತ್ತದೆ. ಅನಂತರ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ಅದಕ್ಕೆ ಬಿಟ್ಟ ದತ್ತಿಯನ್ನೂ ವಿವರಿಸುತ್ತದೆ. ದೂರದೇಶಗಳಿಗೆ ಸಂಚರಿಸುವ ವರ್ತಕರು, ಪಯಣದ ಭಯಗಳಿಂದ ಕಾಪಾಡುವ ದೇವತೆ, ಮೇಲೆ ಅರಸೊತ್ತಿಗೆಯ ನೆರಳು: ಈ ಮೂರೂ ಒಂದೇ ಕಲ್ಲಿನಲ್ಲಿ ಕೂಡಿವೆ.

ಶಾಸನವೊಂದನ್ನು ಕೈಗೆತ್ತಿಕೊಂಡಾಗ ನಾವು ಕ್ರಮವಾಗಿ ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಆಳುತ್ತಿದ್ದವರು ಯಾರು? ಕೊಟ್ಟವರು ಯಾರು? ಪಡೆದವರು ಯಾರು? ದತ್ತಿಯ ಮೇರೆ ಯಾವುದು? ಕೊನೆಯಲ್ಲಿ, ಇದನ್ನು ಅಳಿದವರಿಗೆ ಏನಾಗಲೆಂದು ಹೇಳಿದೆ? ಪ್ರಶಸ್ತಿಭಾಗದ ವರ್ಣನೆಗೆ ಮಾರುಹೋಗದೆ, ದತ್ತಿಭಾಗದ ಸಂಗತಿಗಳನ್ನು ಬಿಡದೆ ಓದುವವನೇ ಒಳ್ಳೆಯ ಶಾಸನವಾಚಕ. ಇದೇ ಪ್ರಶ್ನೆಗಳನ್ನು ಗುನ್ಸಾನ್ ಮತ್ತು ವರ್ಲಿಯ ಆಲಯಗಳಿಗೂ ಕೇಳಬಹುದು.

೩

ಗುನ್ಸಾನ್ ಕೊರಿಯದ ಪಶ್ಚಿಮ ಕರಾವಳಿಯ ಬಂದರು. ೧೮೯೯ರ ಮೇ ತಿಂಗಳಲ್ಲಿ ಅದು ವಿದೇಶೀ ವ್ಯಾಪಾರಕ್ಕೆ ತೆರೆಯಿತು. ಅದರ ಬೆನ್ನಿಗೆ ಹೊನಾಮ್ ಎಂಬ ವಿಶಾಲವಾದ ಭತ್ತದ ಬಯಲಿದೆ. ಕೊರಿಯವು ೧೯೦೫ರಲ್ಲಿ ಜಪಾನಿನ ರಕ್ಷಣೆಗೊಳಪಟ್ಟ ರಾಜ್ಯವಾಗಿ, ೧೯೧೦ರ ಆಗಸ್ಟಿನಲ್ಲಿ ಪೂರ್ಣವಾಗಿ ಅದರಲ್ಲಿ ವಿಲೀನಗೊಂಡ ಮೇಲೆ, ಈ ಬಯಲಿನ ಅಕ್ಕಿ ಗುನ್ಸಾನಿನ ಮೂಲಕ ಜಪಾನಿಗೆ ಹರಿಯಿತು. ಭೂಮಿ ಜಪಾನೀ ಜಮೀನುದಾರರ ಕೈಸೇರಿತು. ಕೊರಿಯದ ರೈತ ತನ್ನ ನೆಲದಲ್ಲಿಯೇ ಗೇಣಿದಾರನಾದನು. ಬ್ಯಾಂಕು, ಸುಂಕದ ಕಟ್ಟೆ, ಅಕ್ಕಿಯ ಗಿರಣಿ, ರೈಲುಹಳಿ ಇವೆಲ್ಲ ಒಂದೊಂದಾಗಿ ಬಂದವು. ಅವುಗಳ ಜೊತೆಗೇ ಆಲಯವೂ ಬಂದಿತು.

೧೯೦೯ರಲ್ಲಿ ಝೆನ್ ಬೌದ್ಧಧರ್ಮದ ಸೋತೋ ಪಂಥಕ್ಕೆ ಸೇರಿದ ಉಚಿದಾ ಬುಕ್ಕಾನ್ ಎಂಬ ಭಿಕ್ಷು ಗುನ್ಸಾನಿನಲ್ಲಿ ಧರ್ಮಪ್ರಸಾರದ ಒಂದು ಕೇಂದ್ರವನ್ನು ಆರಂಭಿಸಿದರು. ೧೯೧೩ರಲ್ಲಿ ಅದು ಈಗಿನ ಸ್ಥಳಕ್ಕೆ ಬಂದು ಮುಖ್ಯ ಮಂದಿರ ನಿರ್ಮಾಣವಾಯಿತು. ಹತ್ತಿರದ ಗುಮ್ ನದಿಯಿಂದ ಅದಕ್ಕೆ ಗುಮ್‌ಗಾಂಗ್‌ಸಾ ಎಂಬ ಹೆಸರು ಬಂದಿತು. ಕಟ್ಟಡದ ಮರವನ್ನು ಜಪಾನಿನಿಂದಲೇ ತರಿಸಲಾಯಿತು. ಕೊರಿಯದ ಬೌದ್ಧಾಲಯಗಳ ಸೂರಿನಲ್ಲಿ ಕಾಣುವ ಬಣ್ಣಬಣ್ಣದ ಚಿತ್ತಾರ ಇಲ್ಲಿಲ್ಲ. ಕಡಿದಾಗಿ ಇಳಿಯುವ ಮಾಡು, ಅಲಂಕಾರವಿಲ್ಲದ ಸೂರು, ಸಾಲುಸಾಲಾದ ಜಾರುಕಿಟಕಿಗಳು, ಮಂದಿರವನ್ನೂ ಭಿಕ್ಷುಗಳ ವಾಸಗೃಹವನ್ನೂ ಜೋಡಿಸುವ ಒಳದಾರಿ ಇವು ಅದರ ಲಕ್ಷಣಗಳು. ಅಂಗಳದ ಗಂಟೆಯನ್ನು ೧೯೧೯ರಲ್ಲಿ ಕ್ಯೋತೋ ನಗರದಲ್ಲಿ ಎರಕಹೊಯ್ಯಲಾಯಿತು. ಕೊರಿಯದ ಜನ ಸ್ವಾತಂತ್ರ್ಯವನ್ನು ಘೋಷಿಸಿ ಬೀದಿಗಿಳಿದ ಮಾರ್ಚ್ ಒಂದರ ಚಳವಳಿ ನಡೆದದ್ದೂ ಅದೇ ವರ್ಷ.

ಶಾಸನದ ಪ್ರಶ್ನೆಗಳನ್ನು ಇಲ್ಲಿ ಕೇಳಿದರೆ ಉತ್ತರ ಸ್ಪಷ್ಟವಾಗಿದೆ. ಆಳುವವರು ಜಪಾನೀಯರು, ಕೊಟ್ಟವರು ಆ ಊರಿನ ಜಪಾನೀ ಜಮೀನುದಾರರು ಮತ್ತು ವರ್ತಕರು, ಪಡೆದವರು ಜಪಾನೀ ಪಂಥವೊಂದರ ಭಿಕ್ಷುಗಳು, ಆರಾಧಕರು ಪ್ರಧಾನವಾಗಿ ಅಲ್ಲಿ ನೆಲೆಸಿದ ಜಪಾನೀಯರು. ಸತ್ತವರಿಗೆ ಪಿಂಡಪ್ರದಾನದಂತಹ ಕರ್ಮಗಳನ್ನು ನಡೆಸುವುದು, ಪರನಾಡಿನಲ್ಲಿ ತಮ್ಮವರನ್ನು ಒಂದುಗೂಡಿಸುವುದು, ವಲಸೆಬಂದ ಯಾವುದೇ ಸಮುದಾಯದ ಸಹಜ ಅಗತ್ಯವೇ ಹೌದು. ಮುಂಬಯಿಗೋ ದೆಹಲಿಗೋ ಹೋದ ಕನ್ನಡಿಗರು ಅಲ್ಲಿ ಮಠ ಮಂದಿರಗಳನ್ನು ಕಟ್ಟಿಕೊಂಡಂತೆ ಎಂದು ಯಾರಾದರೂ ಹೇಳಬಹುದು. ಆದರೆ ಕನ್ನಡಿಗರು ಆ ಊರುಗಳನ್ನು ಗೆದ್ದು ಹೋದವರಲ್ಲ. ಈ ವ್ಯತ್ಯಾಸವನ್ನು ಮರೆತರೆ ಆಲಯದ ಚರಿತ್ರೆ ಕೇವಲ ವಾಸ್ತುಶಿಲ್ಪದ ಚರಿತ್ರೆಯಾಗಿಬಿಡುತ್ತದೆ.

ಸೋತೋ ಪಂಥದ ಪಾತ್ರ ಕರ್ಮಾಚರಣೆಗೆ ಸೀಮಿತವಾಗಿರಲಿಲ್ಲ ಎಂಬುದು ಇನ್ನೊಂದು ಸಂಗತಿಯಿಂದ ತಿಳಿಯುತ್ತದೆ. ೧೯೧೦ರಲ್ಲಿ, ದೇಶ ವಿಲೀನವಾದ ಬೆನ್ನಿಗೇ, ಕೊರಿಯದ ಬೌದ್ಧಸಂಘವನ್ನು ಸೋತೋ ಪಂಥದೊಡನೆ ಕೂಡಿಸುವ ಒಪ್ಪಂದವೊಂದು ನಡೆಯಿತು. ಕೊರಿಯದ ಭಿಕ್ಷುಗಳು ಅದನ್ನು ಪ್ರತಿಭಟಿಸಿದರು. ಹಾಗೆ ಪ್ರತಿಭಟಿಸಿದವರಲ್ಲಿ ಹಾನ್ ಯೊಂಗ್-ಉನ್ ಪ್ರಮುಖರು. ಅವರು ಭಿಕ್ಷು, ಜೊತೆಗೆ ಆಧುನಿಕ ಕೊರಿಯನ್ ಕಾವ್ಯದ ಹಿರಿಯ ಕವಿಗಳಲ್ಲೊಬ್ಬರು, ೧೯೧೯ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮೂವತ್ತಮೂರು ಮಂದಿಯಲ್ಲಿಯೂ ಒಬ್ಬರು. ಒಪ್ಪಂದ ಮುರಿದುಬಿದ್ದಿತು. ಆದರೆ ೧೯೧೧ರಲ್ಲಿ ವಸಾಹತು ಸರ್ಕಾರ ತಂದ ಆಲಯಗಳ ಶಾಸನ ಕೊರಿಯದ ಬೌದ್ಧಾಲಯಗಳನ್ನು ಗವರ್ನರ್ ಜನರಲ್ಲನ ಹತೋಟಿಗೆ ಒಪ್ಪಿಸಿತು. ಆಳುವವರ ಧರ್ಮ ಮತ್ತು ಆಳಿಸಿಕೊಳ್ಳುವವರ ಧರ್ಮ ಇಲ್ಲಿ ಒಂದೇ ಆಗಿತ್ತು. ಇಬ್ಬರಿಗೂ ಶಾಕ್ಯಮುನಿಯೇ ಆರಾಧ್ಯ. ಆದರೂ ಆ ಏಕತೆ ಆಳಿಸಿಕೊಳ್ಳುವವರನ್ನು ಕಾಪಾಡಲಿಲ್ಲ. ಬದಲಾಗಿ ಅಧೀನಗೊಳಿಸುವ ಇನ್ನೊಂದು ಉಪಾಯವಾಯಿತು.

೪

೧೯೪೫ರ ಆಗಸ್ಟಿನಲ್ಲಿ ಜಪಾನ್ ಶರಣಾದ ಮೇಲೆ ಕೊರಿಯದ ಜನ ಆ ಕಾಲದ ಗುರುತುಗಳನ್ನು ಅಳಿಸತೊಡಗಿದರು. ಶಿಂಟೋ ಗುಡಿಗಳು ಬಹುಬೇಗ ಕಾಣೆಯಾದವು. ಅರ್ಧಶತಮಾನದ ಅನಂತರವೂ ಆ ಭಾವನೆ ಆರಿರಲಿಲ್ಲ. ಸೋಲ್ ನಗರದ ಮಧ್ಯದಲ್ಲಿದ್ದ ಗವರ್ನರ್ ಜನರಲ್ಲನ ಭವ್ಯ ಕಟ್ಟಡವನ್ನು ಕೆಡಹುವ ಕಾರ್ಯ ೧೯೯೫ರ ಸ್ವಾತಂತ್ರ್ಯದಿನದಂದು ಆರಂಭವಾಯಿತು. ಇಂತಹ ಪರಿಸರದಲ್ಲಿ ಗುನ್ಸಾನಿನ ಆಲಯ ಉಳಿದದ್ದು ಅಪವಾದವೇ ಸರಿ.

ಅದು ಉಳಿಯಲು ಕಾರಣ, ಅಲ್ಲಿ ಪೂಜೆ ನಿಲ್ಲದೆ ಮುಂದುವರಿದದ್ದು. ಅಮೆರಿಕದ ಸೇನಾಡಳಿತದ ವಶಕ್ಕೆ ಹೋಗಿದ್ದ ಆಲಯ ಕೆಲವೇ ವರ್ಷಗಳಲ್ಲಿ ಕೊರಿಯದ ಬೌದ್ಧರ ಕೈಗೆ ಬಂದಿತು. ೧೯೭೦ರಲ್ಲಿ ಅದಕ್ಕೆ 'ದೊಂಗ್‌ಗುಕ್‌ಸಾ' ಎಂಬ ಹೊಸ ಹೆಸರನ್ನಿಡಲಾಯಿತು. 'ಪೂರ್ವದೇಶದ ಆಲಯ' ಎಂದು ಅದರ ಅರ್ಥ. ಪೂರ್ವದೇಶವೆಂದರೆ ಇಲ್ಲಿ ಜಪಾನಲ್ಲ, ಕೊರಿಯ. ಗರ್ಭಗುಡಿಯಲ್ಲಿ ಇಂದಿರುವ ಶಾಕ್ಯಮುನಿ ಮತ್ತು ಇಬ್ಬರು ಶಿಷ್ಯರ ಮೃಣ್ಮಯ ಮೂರ್ತಿಗಳು ೧೬೫೦ರಲ್ಲಿ ಕೊರಿಯದ ಶಿಲ್ಪಿಗಳು ಮಾಡಿದವು. ಪ್ರಾಚೀನವಾದ ಗುಮ್‌ಸಾನ್‌ಸಾ ಆಲಯದಿಂದ ಬಂದವು. ಹೀಗೆ ಜಪಾನೀ ಮಾಡಿನ ಕೆಳಗೆ ಕೊರಿಯದ ಬುದ್ಧ ಬಂದು ಕುಳಿತಿದ್ದಾನೆ. ೨೦೦೩ರಲ್ಲಿ ಸರ್ಕಾರ ಈ ಕಟ್ಟಡವನ್ನು ಸಾಂಸ್ಕೃತಿಕ ಆಸ್ತಿಯಾಗಿ ನೋಂದಾಯಿಸಿತು. ಜಪಾನೀ ಶೈಲಿಯಲ್ಲಿಯೇ ಉಳಿದು ಇಂದಿಗೂ ಪೂಜೆಗೊಳ್ಳುತ್ತಿರುವ ಆಲಯ ಆ ದೇಶದಲ್ಲಿ ಇದೊಂದೇ ಎಂದು ಪ್ರಸಿದ್ಧಿಯಿದೆ.

ಇಲ್ಲಿಗೇ ನಿಂತಿದ್ದರೆ ಇದು ಸಂರಕ್ಷಣೆಯ ಒಂದು ಸಾಧಾರಣ ಪ್ರಸಂಗವಾಗುತ್ತಿತ್ತು. ಮುಂದಿನ ಘಟನೆ ಹೆಚ್ಚು ಮಹತ್ತ್ವದ್ದು. ೧೯೯೨ರ ನವೆಂಬರಿನಲ್ಲಿ ಸೋತೋ ಪಂಥ ಒಂದು ಕ್ಷಮಾಯಾಚನೆಯ ಹೇಳಿಕೆಯನ್ನು ಹೊರಡಿಸಿ, ತನ್ನ ಸಾಗರೋತ್ತರ ಧರ್ಮಪ್ರಸಾರವು ಜಪಾನೀ ಪ್ರಭುತ್ವದ ಏಷ್ಯಾ ಆಕ್ರಮಣಕ್ಕೆ ಕೈಗೂಡಿಸಿತ್ತೆಂದು ಒಪ್ಪಿಕೊಂಡಿತು. ೨೦೧೨ರಲ್ಲಿ ಜಪಾನೀ ಭಿಕ್ಷುಗಳೇ ಮುಂದಾಗಿ, ಆ ಹೇಳಿಕೆಯ ಭಾಗವನ್ನು ಕಲ್ಲಿನಲ್ಲಿ ಕೆತ್ತಿಸಿ ದೊಂಗ್‌ಗುಕ್‌ಸಾದ ಅಂಗಳದಲ್ಲಿ ನಿಲ್ಲಿಸಿದರು. ೨೦೧೫ರಲ್ಲಿ, ಯುದ್ಧಕಾಲದಲ್ಲಿ ಜಪಾನೀ ಸೇನೆಯ ಲೈಂಗಿಕ ದಾಸ್ಯಕ್ಕೆ ಈಡಾದ ಹೆಣ್ಣುಮಕ್ಕಳ ಸ್ಮರಣೆಗಾಗಿ ಬಾಲಕಿಯೊಬ್ಬಳ ಪ್ರತಿಮೆಯನ್ನು ಅದರ ಮುಂದೆ ಸ್ಥಾಪಿಸಲಾಯಿತು. ನಮ್ಮ ಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಳಿದವರಿಗೆ ಶಾಪವಿರುತ್ತದೆ. ಇಲ್ಲಿ, ದತ್ತಿ ಕೊಟ್ಟವರ ಕಡೆಯವರೇ ನೂರು ವರ್ಷಗಳ ಅನಂತರ ಬಂದು, ಆ ದತ್ತಿಯಲ್ಲಿ ದೋಷವಿತ್ತೆಂದು ಇನ್ನೊಂದು ಕಲ್ಲನ್ನು ಹಾಕಿಸಿದರು. ಇಂತಹ ಶಾಸನ ಜಗತ್ತಿನಲ್ಲಿಯೇ ಅಪರೂಪ.

೫

ಈಗ ಭಾರತದ ಕಡೆಗೆ ತಿರುಗಬಹುದು. ವರ್ಲಿಯ ಮಂದಿರದ ಮೂಲಪುರುಷರು ನಿಚಿದಾತ್ಸು ಫುಜೀ. ಅವರು ೧೮೮೫ರಲ್ಲಿ ಜಪಾನಿನ ಕುಮಾಮೋತೋ ಪ್ರಾಂತದಲ್ಲಿ ಜನಿಸಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರವ್ರಜ್ಯೆ ಪಡೆದು, ಹದಿಮೂರನೆಯ ಶತಮಾನದ ಆಚಾರ್ಯ ನಿಚಿರೆನ್ ಅವರ ಪರಂಪರೆಯನ್ನು ಅನುಸರಿಸಿದವರು. ಸದ್ಧರ್ಮಪುಂಡರೀಕ ಸೂತ್ರವೇ ಬುದ್ಧನ ಉಪದೇಶದ ಸಾರ, ಅದರ ನಾಮಜಪವೇ ಸಾಧನೆ ಎಂಬುದು ಈ ಪಂಥದ ಮತ. ಚರ್ಮದ ಪುಟ್ಟ ತಮಟೆಯನ್ನು ಬಾರಿಸುತ್ತ 'ನಮು ಮ್ಯೊಹೊ ರೆಂಗೆ ಕ್ಯೊ' ಎಂದು ಜಪಿಸುವುದು ಫುಜೀ ಅವರ ಸಂಘದ ವಿಶಿಷ್ಟ ಆಚರಣೆ. ಈ 'ನಮು' ಎಂಬುದು ನಮ್ಮ 'ನಮಃ' ಎಂಬುದೇ. ಸಂಸ್ಕೃತದ ಸೂತ್ರ ಕ್ರಿ.ಶ. ೪೦೬ರಲ್ಲಿ ಕುಮಾರಜೀವನಿಂದ ಚೀನೀ ಭಾಷೆಗೆ ಅನುವಾದಗೊಂಡು, ಅಲ್ಲಿಂದ ಜಪಾನನ್ನು ಸೇರಿದಾಗ ಶಬ್ದ ಈ ರೂಪ ತಾಳಿತು. ಬೌದ್ಧಧರ್ಮ ಭಾರತದಿಂದ ಪೂರ್ವಕ್ಕೆ ಸಾಗಿತು, ಮುಂದೊಂದು ದಿನ ಅದು ಜಪಾನಿನಿಂದ ಭಾರತಕ್ಕೆ ಮರಳುವುದು ಎಂದು ನಿಚಿರೆನ್ ಬರೆದಿದ್ದರು. ಆ ಮಾತನ್ನು ನಿಜಮಾಡಬೇಕೆಂಬುದು ಫುಜೀ ಅವರ ಸಂಕಲ್ಪ.

ಆದರೆ ಅವರು ಮೊದಲು ಹೋದದ್ದು ಭಾರತಕ್ಕಲ್ಲ. ೧೯೧೭ರಲ್ಲಿ ಧರ್ಮಪ್ರಸಾರವನ್ನು ಕೈಗೊಂಡ ಅವರು ಮಂಚೂರಿಯಕ್ಕೆ ತೆರಳಿ, ತಮ್ಮ ಸಂಘದ ಮೊತ್ತಮೊದಲ ಆಲಯವನ್ನು ೧೯೧೮ರಲ್ಲಿ ಲಿಯಾವ್‌ಯಾಂಗ್ ನಗರದಲ್ಲಿ ಸ್ಥಾಪಿಸಿದರು. ೧೯೦೪ರಲ್ಲಿ ರಷ್ಯಾ ಜಪಾನ್ ಸೇನೆಗಳ ನಡುವೆ ಘೋರ ಕಾಳಗ ನಡೆದ ನೆಲವದು. ಯುದ್ಧಾನಂತರ ಜಪಾನಿನ ರೈಲ್ವೆ ಮತ್ತು ಸೇನೆಯ ಪ್ರಭಾವಕ್ಕೆ ಒಳಗಾದ ಪ್ರದೇಶ. ಅಂದರೆ ಗುನ್ಸಾನಿಗೆ ಉಚಿದಾ ಅವರು ಹೋದ ದಾರಿಗೂ ಲಿಯಾವ್‌ಯಾಂಗಿಗೆ ಫುಜೀ ಅವರು ಹೋದ ದಾರಿಗೂ ಹೆಚ್ಚಿನ ಅಂತರವಿರಲಿಲ್ಲ. ಭಿಕ್ಷು ಸೇನೆಯ ಆಜ್ಞೆಯಿಂದ ಹೋಗದಿದ್ದರೂ, ಸೇನೆ ತೆರೆದ ದಾರಿಯಲ್ಲಿ ಹೋಗಿದ್ದರು.

ಫುಜೀ ಅವರು ೧೯೩೧ರ ಜನವರಿಯಲ್ಲಿ ಕಲಕತ್ತೆಯಲ್ಲಿ ಬಂದಿಳಿದರು. ಅದೇ ವರ್ಷ ಸೆಪ್ಟೆಂಬರ್ ೧೮ರಂದು ಮಂಚೂರಿಯದ ಮುಕ್ಡೆನ್ ಬಳಿ ಜಪಾನೀ ಸೇನಾಧಿಕಾರಿಗಳು ತಾವೇ ರೈಲುಹಳಿಯನ್ನು ಸ್ಫೋಟಿಸಿ, ಅದನ್ನು ನೆಪವಾಗಿಟ್ಟುಕೊಂಡು ಆ ದೇಶವನ್ನು ಆಕ್ರಮಿಸಿದರು. ಆ ಸಂಚಿನ ಸೂತ್ರಧಾರರಲ್ಲೊಬ್ಬನಾದ ಇಶಿವಾರಾ ಕಾಂಜಿ ಎಂಬ ಅಧಿಕಾರಿ ಕೂಡ ನಿಚಿರೆನ್ ಮತದ ನಿಷ್ಠಾವಂತ ಅನುಯಾಯಿ. ಒಂದೇ ಸೂತ್ರವನ್ನು ನಂಬಿದ ಇಬ್ಬರು, ಒಂದೇ ವರ್ಷದಲ್ಲಿ ಎರಡು ದಿಕ್ಕು ಹಿಡಿದರು. ಒಬ್ಬರ ಕೈಯಲ್ಲಿ ತಮಟೆ. ಇನ್ನೊಬ್ಬನ ಕೈಯಲ್ಲಿ ಸೇನೆ. ಒಂದು ಮತದ ರಾಜಕೀಯ ಪರಿಣಾಮವನ್ನು ಅದರ ಗ್ರಂಥದಿಂದಲೇ ನಿರ್ಣಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೬

ಭಾರತದಲ್ಲಿ ಫುಜೀ ಅವರ ಪರಿಸ್ಥಿತಿ ಬೇರೆಯಾಗಿತ್ತು. ಇಲ್ಲಿ ಆಳುವವರು ಅವರವರಲ್ಲ. ಮುಂಬಯಿಯಲ್ಲಿ ಒಂದು ಜಪಾನೀ ಸಮುದಾಯ ಆಗಲೇ ನೆಲೆಗೊಂಡಿತ್ತು ನಿಜ. ೧೮೯೩ರಲ್ಲಿ ನಿಪ್ಪೊನ್ ಯೂಸೆನ್ ಕೈಶಾ ಎಂಬ ಹಡಗು ಕಂಪನಿ, ಟಾಟಾ ಸಂಸ್ಥೆಯ ಸಹಕಾರದಿಂದ, ಮುಂಬಯಿ ಮತ್ತು ಜಪಾನಿನ ನಡುವೆ ನೇರ ಸಂಚಾರವನ್ನು ಆರಂಭಿಸಿತ್ತು. ಭಾರತದ ಹತ್ತಿ ಆ ಹಡಗುಗಳಲ್ಲಿ ಹೋಗಿ ಬಟ್ಟೆಯಾಗಿ ಮರಳುತ್ತಿತ್ತು. ಹತ್ತಿಯ ವರ್ತಕರು, ಬ್ಯಾಂಕಿನವರು, ಅವರ ಹಿಂದೆ ಬಡತನದಿಂದ ಮಾರಾಟವಾಗಿ ಬಂದ ಹೆಣ್ಣುಮಕ್ಕಳು, ಹೀಗೆ ಹಲವು ಬಗೆಯ ಜಪಾನೀಯರು ಆ ನಗರದಲ್ಲಿದ್ದರು. ಡಂಬಳದ ಸೆಟ್ಟಿಗಳಂತೆ ದೂರಪಯಣದ ವರ್ತಕರಿದ್ದಲ್ಲಿ ವಿಹಾರ ಬರುವುದು ಹೊಸದೇನಲ್ಲ. ಆದರೆ ಸೆಟ್ಟಿಗಳಿಗಿದ್ದ ರಾಜಾಶ್ರಯ ಇವರಿಗೆ ಇರಲಿಲ್ಲ. ಲಂಕಾಶೈರಿನ ಬಟ್ಟೆಗೂ ಮುಂಬಯಿ ಗಿರಣಿಗಳ ಬಟ್ಟೆಗೂ ಜಪಾನೀ ಬಟ್ಟೆ ಪ್ರತಿಸ್ಪರ್ಧಿಯಾದಾಗ, ೧೯೩೩ರಲ್ಲಿ ಸರ್ಕಾರ ಅದರ ಮೇಲೆ ಶೇಕಡಾ ೭೫ರಷ್ಟು ಆಮದು ಸುಂಕ ವಿಧಿಸಿತು. ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನು ಬಹಿಷ್ಕರಿಸಿದವು.

ಇಂತಹ ದಿನಗಳಲ್ಲಿ ಫುಜೀ ಮತ್ತು ಅವರ ಶಿಷ್ಯರು ತಮಟೆ ಬಾರಿಸುತ್ತ ನಗರಗಳ ಬೀದಿಗಳಲ್ಲಿ ನಡೆದರು. ೧೯೩೦ರ ದಶಕದಲ್ಲಿ ವರ್ಲಿಯಲ್ಲಿ ಅವರ ಮಂದಿರ ನೆಲೆಗೊಂಡಿತು. ಕಲಕತ್ತೆಯಲ್ಲಿಯೂ ಒಂದು ಮಂದಿರವಾಯಿತು. ಈ ಕಾರ್ಯಕ್ಕೆ ಒದಗಿದ ಮುಖ್ಯ ದಾನಿ ಜುಗಲ್ ಕಿಶೋರ್ ಬಿರ್ಲಾ. ದಾನಿಯ ಹೆಸರನ್ನು ಇಲ್ಲಿ ಗಮನಿಸಬೇಕು. ಗುನ್ಸಾನಿನಲ್ಲಿ ಕೊಟ್ಟವರು ಆಳುವ ಜನಾಂಗದ ಜಮೀನುದಾರರು. ವರ್ಲಿಯಲ್ಲಿ ಕೊಟ್ಟವರು ಆಳಿಸಿಕೊಳ್ಳುತ್ತಿದ್ದ ದೇಶದ ಉದ್ಯಮಿ. ಬುದ್ಧನನ್ನು ಹಿಂದೂ ಪರಂಪರೆಯ ಅಂಗವೆಂದೇ ಕಂಡ ಬಿರ್ಲಾ ಅವರಿಗೂ, ಬುದ್ಧನ ನಾಡಿಗೆ ಋಣ ತೀರಿಸಬಂದ ಫುಜೀ ಅವರಿಗೂ ಉದ್ದೇಶಗಳು ಒಂದೇ ಆಗಿರಬೇಕಿರಲಿಲ್ಲ. ಹೀಗಿದ್ದರೂ ಪಡೆದವನು ಅತಿಥಿಯಾಗಿದ್ದನೇ ಹೊರತು ಒಡೆಯನಾಗಿರಲಿಲ್ಲ. ಈ ಸಂಬಂಧವೇ ಆಲಯದ ಸ್ವಭಾವವನ್ನು ರೂಪಿಸಿತು.

೭

೧೯೩೩ರ ಅಕ್ಟೋಬರಿನಲ್ಲಿ ಫುಜೀ ಅವರು ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡರು. ಅವರ ಶಿಷ್ಯರು ಗಾಂಧೀಜಿಯವರ ಆಶ್ರಮದಲ್ಲಿ ವಾಸಮಾಡಿದರು. ಪ್ರಾತಃಕಾಲ ಸಾಯಂಕಾಲಗಳ ಪ್ರಾರ್ಥನೆಯ ಮೊದಲಿಗೆ ಜಪಾನೀ ಮಂತ್ರ ಸೇರಿಕೊಂಡಿತು. ಈಶಾವಾಸ್ಯದ ಮಂತ್ರ, ಕುರಾನಿನ ವಾಕ್ಯ, ಭಜನೆಗಳು ಅದರ ಅನಂತರ ಬರುತ್ತಿದ್ದವು.

ಅಷ್ಟರಲ್ಲಿ ಹೊರಗೆ ಜಪಾನಿನ ಹೆಸರು ಭಾರತೀಯರ ಮನಸ್ಸಿನಲ್ಲಿ ಬದಲಾಗಿತ್ತು. ೧೯೦೫ರಲ್ಲಿ ರಷ್ಯಾವನ್ನು ಸೋಲಿಸಿದ ಜಪಾನ್ ಏಷ್ಯದ ಅಭಿಮಾನವಾಗಿತ್ತು. ೧೯೩೭ರಲ್ಲಿ ಅದು ಚೀನದ ಮೇಲೆ ಪೂರ್ಣಪ್ರಮಾಣದ ಯುದ್ಧ ಹೂಡಿತು. ೧೯೩೮ರಲ್ಲಿ ಜಪಾನೀ ಕವಿ ಯೋನೆ ನೊಗುಚಿ ಆ ಯುದ್ಧವನ್ನು ಸಮರ್ಥಿಸಿ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದಾಗ, ಜಪಾನನ್ನು ಬಹುವಾಗಿ ಪ್ರೀತಿಸಿದ್ದ ಠಾಕೂರರು ಅದನ್ನು ಕಟುವಾಗಿಯೇ ನಿರಾಕರಿಸಿದರು. ೧೯೪೧ರ ಡಿಸೆಂಬರಿನಲ್ಲಿ ಜಪಾನ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಭಾರತದಲ್ಲಿದ್ದ ಜಪಾ‌ನೀಯರು ಒಂದೇ ರಾತ್ರಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಆಶ್ರಮದ ಭಿಕ್ಷುವನ್ನೂ ಸರ್ಕಾರ ಬಂಧಿಸಿ ಒಯ್ದಿತು.

ಗಾಂಧೀಜಿಯವರು ೧೯೪೨ರ ಜುಲೈ ೨೬ರ 'ಹರಿಜನ' ಪತ್ರಿಕೆಯಲ್ಲಿ ಜಪಾನೀಯರನ್ನು ಉದ್ದೇಶಿಸಿ ಬರೆದ ಲೇಖನ ಈ ಸಂದರ್ಭದಲ್ಲಿ ಅತ್ಯಂತ ಮುಖ್ಯವಾದ ದಾಖಲೆ. 'ಭಾರತ ಬಿಟ್ಟು ತೊಲಗಿ' ಚಳವಳಿಗೆ ಆಗ ಕೇವಲ ಎರಡು ವಾರ ಉಳಿದಿತ್ತು. ಚೀನದ ಮೇಲೆ ಜಪಾನ್ ನಡೆಸಿದ ಆಕ್ರಮಣವನ್ನು ಅವರು ಅಲ್ಲಿ ನಿಸ್ಸಂದಿಗ್ಧವಾಗಿ ಖಂಡಿಸಿದ್ದಾರೆ. ಬ್ರಿಟಿಷರನ್ನು ಕಳುಹಿಸುವ ಭಾರತ ಜಪಾನೀಯರನ್ನು ಸ್ವಾಗತಿಸುವುದೆಂದು ಭ್ರಮಿಸಬಾರದು, ಬಂದರೆ ಎದುರಿಸುವುದು ಎಂದು ಎಚ್ಚರಿಸಿದ್ದಾರೆ. ಅದೇ ಲೇಖನದಲ್ಲಿ ಅವರು ತಮ್ಮ ಆಶ್ರಮದಿಂದ ಒಯ್ಯಲ್ಪಟ್ಟ ಜಪಾನೀ ಭಿಕ್ಷುವನ್ನು ಪ್ರೀತಿಯಿಂದ ನೆನೆದಿದ್ದಾರೆ. ಆತನ ಕರ್ತವ್ಯನಿಷ್ಠೆ, ಗಾಂಭೀರ್ಯ, ತಪ್ಪದ ನಿತ್ಯಪೂಜೆ ಎಲ್ಲರ ಮನಸ್ಸನ್ನು ಗೆದ್ದಿತ್ತೆಂದೂ, ಆತ ಬಿಟ್ಟುಹೋದ ಪ್ರಾರ್ಥನೆಯಿಂದಲೇ, ಆತನ ಪುಟ್ಟ ತಮಟೆಯ ನಾದದೊಂದಿಗೇ ತಾವು ಪ್ರಾರ್ಥನೆಯನ್ನು ಆರಂಭಿಸುತ್ತಿರುವೆವೆಂದೂ ತಿಳಿಸಿದ್ದಾರೆ.

ಜಪಾನೀ ಸೇನೆ ಬರ್ಮವನ್ನು ಗೆದ್ದು ಭಾರತದ ಗಡಿಗೆ ಬಂದಿದ್ದ ದಿನಗಳವು. ಅದರ ಯುದ್ಧವನ್ನು ಹಳಿದ ಬಾಯಿಯೇ ಅದರ ಭಿಕ್ಷುವಿನ ಮಂತ್ರವನ್ನು ನುಡಿಯಿತು. ಪ್ರಭುತ್ವವನ್ನೂ ಪ್ರಾರ್ಥನೆಯನ್ನೂ ಬೇರ್ಪಡಿಸಿ ನೋಡುವ ವಿವೇಕ ಇದು. ಬೇರ್ಪಡಿಸಿದ್ದರೂ ಒಂದನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಮುಚ್ಚಿಡಲಿಲ್ಲ ಎಂಬುದು ಅದಕ್ಕಿಂತ ಗಮನಾರ್ಹ.

೮

ಹಿರೋಶಿಮ ನಾಗಸಾಕಿಗಳ ವಿನಾಶದ ಅನಂತರ ಫುಜೀ ಅವರು ಯುದ್ಧವಿರೋಧವನ್ನೇ ತಮ್ಮ ಧರ್ಮವಾಗಿಸಿಕೊಂಡರು. ೧೯೫೪ರಲ್ಲಿ ಕುಮಾಮೋತೋದಲ್ಲಿ ಅವರ ಮೊದಲ ಶಾಂತಿಸ್ತೂಪ ಎದ್ದಿತು. ೧೯೬೯ರಲ್ಲಿ ರಾಜಗೃಹದ ಬೆಟ್ಟದ ಮೇಲೆ ಇನ್ನೊಂದು. ೧೯೮೫ರಲ್ಲಿ, ನೂರು ವರ್ಷಕ್ಕೆ ಕೆಲವೇ ತಿಂಗಳು ಉಳಿದಿರುವಾಗ, ಅವರು ನಿರ್ವಾಣ ಹೊಂದಿದರು. ವರ್ಲಿಯ ಈಗಿನ ಮಂದಿರ ೧೯೫೬ರಲ್ಲಿ ಬಿರ್ಲಾ ಮನೆತನದ ನೆರವಿನಿಂದ ಕಟ್ಟಿದ್ದು. ಬುದ್ಧಪರಿನಿರ್ವಾಣದ ೨೫೦೦ನೆಯ ವರ್ಷವನ್ನು ಭಾರತ ಆಚರಿಸಿದ ವರ್ಷವದು. ಅದೇ ಅಕ್ಟೋಬರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರರು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ವರ್ಲಿಯ ಚಾಳುಗಳಲ್ಲಿ ಅವರ ಅನುಯಾಯಿಗಳು ಬಹುಸಂಖ್ಯೆಯಲ್ಲಿದ್ದಾರೆ. ಜಪಾನೀ ವರ್ತಕರ ಕಾಲದಲ್ಲಿ ಹುಟ್ಟಿ, ಮಾರವಾಡಿ ಉದ್ಯಮಿಯ ದಾನದಿಂದ ಬೆಳೆದ ಮಂದಿರದ ಸುತ್ತ ಭಾರತದ್ದೇ ಆದ ಹೊಸ ಬೌದ್ಧ ಸಮುದಾಯವೊಂದು ರೂಪುಗೊಂಡಿತು. ಮುಂಬಯಿ ಕನ್ನಡಿಗರಿಗೂ ಈ ಪರಿಸರ ಅಪರಿಚಿತವಲ್ಲ. ಗಿರಣಿ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಅವರ ಹಿರಿಯ ಪೀಳಿಗೆ ಓಡಾಡಿದ ಬೀದಿಗಳೇ ಇವು.

ಈಗ ಎರಡು ಆಲಯಗಳನ್ನು ಹೋಲಿಸಬಹುದು. ಗುನ್ಸಾನಿನಲ್ಲಿ ವಸಾಹತುಕಾಲದ ಕಟ್ಟಡ ಉಳಿದಿದೆ. ಆದರೆ ಒಡೆತನ, ಹೆಸರು, ಮೂರ್ತಿ, ಪಂಥ ಎಲ್ಲವೂ ಬದಲಾಗಿವೆ. ವರ್ಲಿಯಲ್ಲಿ ಕಟ್ಟಡ ಹೊಸದು. ಆದರೆ ಪಂಥ, ಮಂತ್ರ, ತಮಟೆಯ ನಾದ ಹಾಗೆಯೇ ಉಳಿದಿವೆ. ಸೇವಾಗ್ರಾಮದಲ್ಲಂತೂ ಜಪಾನೀ ಆಲಯವೇ ಇಲ್ಲದೆ ಮಂತ್ರವೊಂದು ಇಂದಿಗೂ ಪ್ರಾರ್ಥನೆಯಲ್ಲಿ ಉಳಿದುಬಂದಿದೆ. ಆಳುವವರ ಜೊತೆ ಬಂದ ಆಲಯದಲ್ಲಿ ಜನ ಮರವನ್ನು ಇಟ್ಟುಕೊಂಡು ಮಂತ್ರವನ್ನು ಬಿಟ್ಟರು. ಅತಿಥಿಯಾಗಿ ಬಂದ ಆಲಯದಲ್ಲಿ ಮಂತ್ರವನ್ನು ಇಟ್ಟುಕೊಂಡರು. ಯಾವುದು ಉಳಿಯಬೇಕು ಎಂಬುದನ್ನು ನಿರ್ಧರಿಸಿದ್ದು ಕಟ್ಟಿದವರ ಇಚ್ಛೆಯಲ್ಲ. ಅವರು ಬಂದ ರೀತಿ.

೯

ನಮ್ಮ ದೇಶದಲ್ಲಿಯೂ ಆರಾಧನಾಸ್ಥಳಗಳ ಗತಕಾಲ ವಿವಾದದ ವಸ್ತುವಾಗಿದೆ. ಅಂತಹ ವಿವಾದಗಳಲ್ಲಿ ಸಾಮಾನ್ಯವಾಗಿ ಎರಡು ವಾದಗಳು ಕೇಳಿಬರುತ್ತವೆ: ಅನ್ಯಾಯದಿಂದ ಹುಟ್ಟಿದ್ದು ಉಳಿಯಬಾರದು ಎಂದು ಕೆಲವರು, ಉಳಿದುದರ ಅನ್ಯಾಯವನ್ನು ಎತ್ತಬಾರದು ಎಂದು ಮತ್ತೆ ಕೆಲವರು. ಗುನ್ಸಾನಿನ ಜನ ಇವೆರಡನ್ನೂ ಒಪ್ಪಲಿಲ್ಲ. ಅವರು ಕಟ್ಟಡದಿಂದ ಏನನ್ನೂ ಕಳೆಯದೆ, ಅದರ ಪಕ್ಕದಲ್ಲಿ ಒಂದು ಕಲ್ಲನ್ನು ಕೂಡಿಸಿದರು. ಆಲಯವೂ ಉಳಿಯಿತು, ಅನ್ಯಾಯದ ದಾಖಲೆಯೂ ಉಳಿಯಿತು. ಪ್ರಶಸ್ತಿಯೊಂದೇ ಇದ್ದ ಶಾಸನಕ್ಕೆ ಸತ್ಯದ ಸಾಲೊಂದು ಸೇರಿದಂತಾಯಿತು.

ಭಾರತದ ಜಪಾನೀ ಮಂದಿರಗಳಿಗೆ ಅಂತಹ ಕ್ಷಮಾಪಣೆಯ ಕಲ್ಲಿನ ಅಗತ್ಯವಿಲ್ಲ; ಅವು ಇಲ್ಲಿ ಯಾರನ್ನೂ ಆಳಲಿಲ್ಲ. ಆದರೆ ಅವುಗಳ ಚರಿತ್ರೆಯೂ ಇಡಿಯಾಗಿ ಬರೆಯಲ್ಪಡಬೇಕಾಗಿದೆ: ಲಿಯಾವ್‌ಯಾಂಗಿನ ಮೊದಲ ಆಲಯವೂ, ಆಶ್ರಮದ ಭಿಕ್ಷುವಿನ ಬಂಧನವೂ, ಕೋಟೆಯೊಳಗಿನ ಡೇರೆಗಳೂ ಅದರಲ್ಲಿ ಸೇರಬೇಕು. ಇಂದ್ರಪ್ರಸ್ಥ ಉದ್ಯಾನದ ಸ್ತೂಪದ ಬಳಿ ನಿಂತು ಶಾಂತಿಯ ಮಾತನ್ನು ಓದುವವನು, ಸನಿಹದ ಕೋಟೆಯಲ್ಲಿ ಎಂಬತ್ತು ವರ್ಷಗಳ ಹಿಂದೆ ಸೆರೆಯಲ್ಲಿದ್ದು ಸತ್ತ ಜಪಾನೀ ಬೆಸ್ತನನ್ನೂ ಆತನ ಮಕ್ಕಳನ್ನೂ ನೆನೆದರೆ ಆ ಮಾತಿಗೆ ತೂಕ ಬರುತ್ತದೆ. ಶಾಸನದ ಒಂದು ಸಾಲು ಮಾಸಿಹೋದಲ್ಲಿ ಅದನ್ನು ಓದಲು ಪ್ರಯತ್ನಿಸುವುದು, ಮಾಸಿದೆಯೆಂದು ಬಿಟ್ಟುಬಿಡದಿರುವುದು, ನಮ್ಮ ಹಿರಿಯ ವಿದ್ವಾಂಸರು ಹಾಕಿಕೊಟ್ಟ ಪದ್ಧತಿ. ಕನ್ನಡ ನಾಡಿನ ಹೊರಗಿನ ಇಂತಹ ಕಲ್ಲುಗಳಿಗೂ ಅದು ಸಲ್ಲತಕ್ಕದ್ದೇ.